ಗುಂಡಿ ಡಬ್ಬಿಯ ಚೂರುಗಳು

ಮಾರ್ಚ್ ೪

ತಂಗಿಗೆ ಕಾಗದ ಬರೆಯಲು ಕೂತೆ. ‘ನಾವೆಲ್ಲ ಕ್ಷೇಮ’ ಎಂದು ಬರೆದ ಮೇಲೆ ಪೆನ್ನು ಮುಂದೆ ಹೋಗಲಿಲ್ಲ. ಬಿಸಿಲಿನ ಬಗ್ಗೆ ನಾಲ್ಕು ಸಾಲು ಸೇರಿಸಿ ಅಂಟಿಸಿಬಿಟ್ಟೆ. ಅವಳಿಗೆ ಹೃದಯದ ತೊಂದರೆ, ಈ ಮನೆಯ ರಗಳೆ ಅವಳಿಗೆ ಬೇಡ. ಹಾಗಂತ ಎಲ್ಲವನ್ನೂ ಹೊಟ್ಟೆಯಲ್ಲಿಟ್ಟುಕೊಂಡರೆ ನನಗೇ ಅಜೀರ್ಣ. ಅವಳಿಗೆ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತೇನೆ. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳ ಅಕ್ಷರವನ್ನು ಬೇರೆ ಯಾರೂ ಓದಲಾರರು, ಅದೊಂದು ಅನುಕೂಲ.

ತಮ್ಮನ ವಿಷಯ. ಎತ್ತರದ ಕಟ್ಟಡಗಳಿಗೆ ಬಣ್ಣ ಬಳಿಯುವವನು. ಎರಡು ವರ್ಷದ ಹಿಂದೆ ಹಗ್ಗ ಜಾರಿ ಬಿದ್ದು ಬೆನ್ನು ಮುರಿದುಕೊಂಡ. ಆಪರೇಷನ್ ಆಯಿತು, ನೋವಿಗೆ ಮಾತ್ರೆ ಕೊಟ್ಟರು. ಬೆನ್ನು ಸರಿಹೋಯಿತು, ಮಾತ್ರೆ ಹೋಗಲಿಲ್ಲ. ಬೀದಿ ತಿರುವಿನ ಔಷಧಿ ಅಂಗಡಿಯವನು ಚೀಟಿ ಕೇಳದೆ ಪೆಪ್ಪರಮಿಂಟು ಕೊಟ್ಟ ಹಾಗೆ ಕೊಡುತ್ತಿದ್ದ. ಹೋದ ತಿಂಗಳು ತಮ್ಮ ಮಗುವನ್ನು ನೋಡಿಕೊಳ್ಳುತ್ತಾ ಕುರ್ಚಿಯಲ್ಲಿ ಕೂತಲ್ಲೇ ತೂಕಡಿಸಿದ. ಮಗು ಬಾಗಿಲು ದಾಟಿ ನಡುರಸ್ತೆಗೆ ಹೋಗಿತ್ತು. ಬಸ್ಸಿನವನು ಬ್ರೇಕ್ ಒತ್ತಿದ್ದರಿಂದ ಉಳಿಯಿತು. ಅವನ ಹೆಂಡತಿ ಜಗಳವಾಡಲಿಲ್ಲ, ಬಟ್ಟೆ ಕಟ್ಟಿದಳು.

“ಅಕ್ಕ, ಇವರು ಬಿಟ್ಟಿದ್ದೀನಿ ಅಂದ್ರೆ ನಾನು ನಂಬಲ್ಲ. ಡಾಕ್ಟರ್ ಬಾಯಲ್ಲಿ ಹೇಳಿಸಿ. ಅವತ್ತೇ ಮಗೂನ ಕರ್ಕೊಂಡು ಬರ್ತೀನಿ” ಎಂದು ಹೇಳಿ ತವರಿಗೆ ಹೊರಟಳು. ಅಂದಿನಿಂದ ಅವನು ನನ್ನ ಮನೆಯ ಹಿಂದಿನ ಕೋಣೆಯಲ್ಲಿ, ನಾನು ಮುಂದಿನ ಕೋಣೆಯಲ್ಲಿ ಹೊಲಿಗೆ ಮಿಷಿನ್ನಿನ ಜೊತೆ.

ಈ ತಿಂಗಳಿಂದ ಹೊಸ ಕಾನೂನು ಬಂದಿದೆ. ಆ ಮಾತ್ರೆ ಇನ್ನು ಮೇಲೆ ಡಾಕ್ಟರ ಚೀಟಿ ಇಲ್ಲದೆ ಸಿಗದು. ಚೀಟಿ ಇದ್ದರೂ ಒಂದು ವಾರಕ್ಕೆ ಆಗುವಷ್ಟೇ, ಒಂದೇ ಅಂಗಡಿಯಲ್ಲಿ. ತಿರುವಿನ ಅಂಗಡಿಯವನು ಕೈ ಮುಗಿದ. “ನಂಗೂ ಹೊಟ್ಟೆಪಾಡು ಅಮ್ಮ, ಲೈಸೆನ್ಸ್ ಹೋದ್ರೆ ನಿಮ್ಮ ಪಕ್ಕದಲ್ಲಿ ಕೂತು ಗುಂಡಿ ಹೊಲೀಬೇಕಾಗುತ್ತೆ.”

ಮಾತ್ರೆ ನಿಂತ ಮರುದಿನವೇ ತಮ್ಮನಿಗೆ ಶುರುವಾಯಿತು. ಬಿಟ್ಟೂ ಬಿಡದೆ ಆಕಳಿಕೆ. ಮೂಗು ನಲ್ಲಿಯ ಹಾಗೆ ಸೋರಿತು. ಈ ಸೆಕೆಯಲ್ಲೂ ಮೈಯೆಲ್ಲ ಮುಳ್ಳೆದ್ದು ಕಂಬಳಿ ಕೇಳಿದ. ಮಲಗಿದರೆ ಕಾಲು ತಾನಾಗಿಯೇ ಒದೆಯುತ್ತಿತ್ತು, ಅವನ ಕಾಲಲ್ಲವೇನೋ ಎಂಬಂತೆ. ಮುಖ ತೊಳೆಸಿ ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದೆ.

ಡಾಕ್ಟರು ಹೆಣ್ಣುಮಗಳು, ನನಗೆ ಮಗಳಾಗುವ ವಯಸ್ಸು ಇದ್ದೀತು. ಗದರಲಿಲ್ಲ. “ಒಂದೇ ಸಲ ನಿಲ್ಲಿಸೋದು ಬೇಡಮ್ಮ. ಸ್ವಲ್ಪ ಸ್ವಲ್ಪವಾಗಿ ನಾನೇ ಇಳಿಸ್ತೀನಿ. ಮಾತ್ರೆ ನಿಮ್ಮ ಕೈಲಿರ್ಲಿ, ಇವರ ಕೈಗೆ ಬೇಡ. ಪುಡಿ ಮಾಡಿ, ನಿಮ್ಮ ಕಣ್ಣೆದುರಿಗೇ ನುಂಗಿಸಿ. ಏನಾದ್ರೂ ಉಳಿದ್ರೆ ಅಂಗಡಿಗೆ ವಾಪಸ್ ಕೊಡಿ, ಮನೇಲಿಟ್ಕೋಬೇಡಿ” ಎಂದರು. ಹೆಂಡತಿ ಫೋನ್ ಮಾಡಿದರೆ ಇದ್ದದ್ದನ್ನು ಇದ್ದ ಹಾಗೆ ಹೇಳಬಹುದೆಂದು ತಮ್ಮನೇ ಒಪ್ಪಿ ಸಹಿ ಹಾಕಿದ.

ದಾರಿಯಲ್ಲಿ ಒಂದೇ ಒಂದು ಮಾತಾಡಿದ. “ಅಕ್ಕ, ನಾನು ಅತ್ತು ಕೇಳಿದ್ರೂ ಜಾಸ್ತಿ ಕೊಡ್ಬೇಡ.”

ಮಾರ್ಚ್ ೧೧

ಮಾತ್ರೆ ಇಡಲು ಗುಂಡಿ ಡಬ್ಬಿಗಿಂತ ಒಳ್ಳೆಯ ಜಾಗ ಸಿಗಲಿಲ್ಲ. ಮಿಷಿನ್ನಿನ ಖಾನೆಯಲ್ಲಿ ಇರುತ್ತದೆ, ಬೀಗ ಇದೆ, ಬೀಗದ ಕೈ ನನ್ನ ಕೊರಳಲ್ಲಿ. ಪುಡಿ ಬಲು ಕಹಿ. ಜೇನುತುಪ್ಪದಲ್ಲಿ ಕಲಸಿ ಚಮಚದಲ್ಲಿ ಕೊಡುತ್ತೇನೆ. ಅವನು ಬಾಯಿ ತೆರೆದು ತೋರಿಸಬೇಕು.

“ಜೈಲರಮ್ಮ, ನಾಲಗೆ ಕೆಳಗೂ ನೋಡ್ತೀಯಾ?”

“ಎತ್ತು ನಾಲಗೆ. ಚಿಕ್ಕವನಿದ್ದಾಗ ಬೆಲ್ಲ ಕದ್ದು ಅಲ್ಲೇ ತಾನೇ ಬಚ್ಚಿಡ್ತಿದ್ದೆ.”

ನಕ್ಕ. ಅವನು ನಕ್ಕು ಎಷ್ಟು ಕಾಲವಾಗಿತ್ತೋ.

ಸಂಜೆ ಮಾತ್ರ ಬಾಗಿಲಲ್ಲಿ ನಿಂತು ಇನ್ನೊಂದು ಚೂರು ಕೊಡು ಎಂದು ಅತ್ತ. ನಾನು ಮಿಷಿನ್ ತುಳಿಯುತ್ತಲೇ ಇದ್ದೆ. ದಾರವಿಲ್ಲದೆ ಹೊಲಿಯುತ್ತಿದ್ದೇನೆಂದು ಆಮೇಲೆ ಗೊತ್ತಾಯಿತು.

ಮಾರ್ಚ್ ೨೩

ಒಂದು ಉಪಾಯ ಹೊಳೆದಿದೆ. ಡಾಕ್ಟರು ಇಳಿಸುವುದು ಒಂದೊಂದೇ ಮಾತ್ರೆಯ ಲೆಕ್ಕದಲ್ಲಿ. ಇಳಿಸಿದ ದಿನ ಅವನು ಪಡುವ ಪಾಡು ನೋಡಲಾಗುವುದಿಲ್ಲ. ಬಿಗಿ ಮಾಡಬೇಕಾದ ಅಂಗಿಯನ್ನು ಯಾರಾದರೂ ಒಂದೇ ಸಲ ಹಿಡಿಯುತ್ತಾರೆಯೇ? ಪಕ್ಕದ ಹೊಲಿಗೆಯಲ್ಲಿ ಒಂದು ನೂಲು, ಆಮೇಲೆ ಇನ್ನೊಂದು ನೂಲು. ಹಾಕಿಕೊಂಡವರಿಗೇ ಗೊತ್ತಾಗಬಾರದು.

ಹೊಲಿಗೆ ಬಿಚ್ಚುವ ಬ್ಲೇಡಿನಿಂದ ಪ್ರತಿ ಮಾತ್ರೆಯ ಅಂಚು ಕತ್ತರಿಸಿ, ಮಿಕ್ಕದ್ದನ್ನು ಮಾತ್ರ ಪುಡಿ ಮಾಡುತ್ತಿದ್ದೇನೆ. ಜೇನಿನಲ್ಲಿ ಕಲಸಿದ ಮೇಲೆ ಎಷ್ಟಿದೆ ಎಂದು ಯಾರಿಗೆ ಗೊತ್ತು? ಅವನಿಗೂ ಹೇಳಿಲ್ಲ, ಡಾಕ್ಟರಿಗೂ ಹೇಳಿಲ್ಲ. ಹೇಳಿದರೆ ಅವರು ಚೀಟಿಯಲ್ಲೇ ಕಡಿಮೆ ಬರೆದಾರು. ನಾಳೆ ಇವನಿಗೆ ತಡೆಯಲಾರದ ನೋವು ಬಂದರೆ ನಾನು ಎಲ್ಲಿಗೆ ಓಡಲಿ?

ಅಂಚಿನ ಚೂರುಗಳು ಗುಂಡಿಗಳ ನಡುವೆ ಒಂದು ಪೊಟ್ಟಣದಲ್ಲಿವೆ. ವಾಪಸ್ ಕೊಡಿ ಎಂದಿದ್ದರು. ಚೂರನ್ನು ಯಾವ ಅಂಗಡಿಯವನು ತೆಗೆದುಕೊಳ್ಳುತ್ತಾನೆ? ಎಸೆಯಲಂತೂ ನನಗೆ ಕೈ ಬರದು. ಕೈಯಗಲದ ಬಟ್ಟೆಯನ್ನೂ ನಾನು ಎಸೆದವಳಲ್ಲ. ಮೂಲೆಯ ಮೂಟೆಯಲ್ಲಿರುವ ತುಂಡುಗಳಿಂದ ಊರಿಗೆಲ್ಲ ದಿಂಬಿನ ಚೀಲ ಹೊಲಿಯಬಹುದು ಎಂದು ತಮ್ಮ ಆಡಿಕೊಳ್ಳುತ್ತಾನೆ.

ಮೊಣಕಾಲು ನೋವು ಜಾಸ್ತಿಯಾಗಿದೆ. ಶಾಲೆಯ ಸಮವಸ್ತ್ರದ ಕೆಲಸ ಬಂದಿದೆ, ತುಳಿಯದೆ ವಿಧಿಯಿಲ್ಲ.

ಏಪ್ರಿಲ್ ೩

ನಿನ್ನೆ ಮೊಣಕಾಲು ಊದಿ, ಎದ್ದು ನಿಲ್ಲಲು ಗೋಡೆ ಹಿಡಿಯಬೇಕಾಯಿತು. ಮುಲಾಮು ತಿಕ್ಕಿ ತಿಕ್ಕಿ ಕೈ ಸೋತಿತು. ಕೊನೆಗೆ ಪೊಟ್ಟಣದಿಂದ ಒಂದು ಚೂರು ಬಾಯಿಗೆ ಹಾಕಿಕೊಂಡೆ. ಹೇಗೂ ವ್ಯರ್ಥವಾಗುವ ವಸ್ತು. ನೋವಿಗೆಂದೇ ಮಾಡಿದ ಮಾತ್ರೆ, ನನ್ನದೂ ನೋವೇ.

ಎಂಥ ನಿದ್ದೆ ಬಂತು! ಯಜಮಾನರು ತೀರಿಹೋದ ಮೇಲೆ ಅಂಥ ನಿದ್ದೆ ಮಾಡಿರಲಿಲ್ಲ. ಬೆಳಿಗ್ಗೆ ಎದ್ದರೆ ಮೊಣಕಾಲು ಇದೆಯೆಂಬುದೇ ನೆನಪಿಲ್ಲ. ಊಟಕ್ಕೂ ಏಳದೆ ಸಮವಸ್ತ್ರದ ರಾಶಿಯನ್ನು ಅರ್ಧಕ್ಕೆ ಇಳಿಸಿದೆ. ಮನಸ್ಸೂ ಹಗುರ. ತಂಗಿಗೆ ಉದ್ದದ ಕಾಗದ ಬರೆದೆ, ಈ ಸಲ ಕ್ಷೇಮ ಎಂದದ್ದು ಸುಳ್ಳಲ್ಲ.

ಏಪ್ರಿಲ್ ೧೭

ತಮ್ಮ ಇಂದು ಒಬ್ಬನೇ ಮಾರುಕಟ್ಟೆಯವರೆಗೆ ನಡೆದು ಹೋಗಿ ಬಂದ. ಮುಖಕ್ಕೆ ಬಣ್ಣ ಬಂದಿದೆ, ಹಸಿವು ಅನ್ನುತ್ತಾನೆ. ನನ್ನ ಉಪಾಯ ಫಲಿಸಿದೆ. ಈಗ ನಾನು ಅರ್ಧಕ್ಕೆ ಅರ್ಧ ಕತ್ತರಿಸುತ್ತೇನೆ, ಅವನಿಗೆ ಸುಳಿವೇ ಇಲ್ಲ.

ಡಾಕ್ಟರಿಗೆ ಆಶ್ಚರ್ಯ. “ಇಷ್ಟು ಚೆನ್ನಾಗಿ ತಡ್ಕೊಂಡವರನ್ನ ನಾನು ನೋಡೇ ಇಲ್ಲ. ಏನಮ್ಮ, ಏನು ಮಂತ್ರ ಹಾಕಿದ್ರಿ?”

“ಜೇನುತುಪ್ಪ, ಡಾಕ್ಟ್ರೇ.”

“ಉಳಿದದ್ದೇನೂ ಇಲ್ಲ ತಾನೇ?”

ಇಲ್ಲ ಎಂದೆ. ನಿಜಕ್ಕೂ ಉಳಿಯುತ್ತಿಲ್ಲ. ಮೊಣಕಾಲಿಗೆ ಬೆಳಿಗ್ಗೆ ಒಂದು ಚೂರು, ಮಲಗುವಾಗ ಒಂದು. ಮಧ್ಯಾಹ್ನವೂ ಒಮ್ಮೊಮ್ಮೆ, ಕೆಲಸ ಜಾಸ್ತಿಯಿದ್ದರೆ.

ಅವನ ಹೆಂಡತಿ ಪಕ್ಕದ ಬೂತಿಗೆ ಫೋನ್ ಮಾಡಿದ್ದಳಂತೆ. ಮಗು ‘ಅಪ್ಪ ಎದ್ದಿದ್ದಾನಾ’ ಎಂದು ಕೇಳಿತಂತೆ. ಅದನ್ನು ಹೇಳುವಾಗ ತಮ್ಮ ಗೋಡೆಯ ಕಡೆ ತಿರುಗಿ ನಿಂತಿದ್ದ.

ಮೇ ೨

ಎದುರುಮನೆಯ ಕಂಡಕ್ಟರಿಗೆ ಹೊಟ್ಟೆಯಲ್ಲಿ ಗಡ್ಡೆ. ಆಪರೇಷನ್ ಸಾಧ್ಯವಿಲ್ಲ ಎಂದು ಮನೆಗೆ ಕಳಿಸಿದ್ದಾರೆ. ಬಸ್ಸಿನಲ್ಲಿ ಇಡೀ ಊರನ್ನು ‘ಮುಂದೆ ಹೋಗಿ, ಮುಂದೆ ಹೋಗಿ’ ಎಂದು ತಳ್ಳಿದ ಗಂಟಲಿನಿಂದ ಈಗ ನರಳಾಟ ಬರುತ್ತದೆ, ಹಗಲೆಲ್ಲ ಬೀದಿಗೇ ಕೇಳುತ್ತದೆ. ಮಿಷಿನ್ ಸದ್ದಿನಲ್ಲೂ ಕೇಳುತ್ತದೆ.

ಇಂದು ಕಂಡಕ್ಟರ ಹೆಂಡತಿ ಬಂದಿದ್ದಳು. ಅವನನ್ನು ನೋಡುವ ಡಾಕ್ಟರು ಬೇರೆ, ಖಾಸಗಿಯವರು. ಹೊಸ ಕಾನೂನು ಬಂದ ಮೇಲೆ ಆ ಮಾತ್ರೆ ಬರೆಯಲು ಅವರಿಗೆ ಹೆದರಿಕೆಯಂತೆ. ತನಿಖೆಯವರು ಬರುತ್ತಾರೆ, ದೊಡ್ಡಾಸ್ಪತ್ರೆಗೆ ಹೋಗಿ ಬರೆಸಿ ಎಂದರಂತೆ. ದೊಡ್ಡಾಸ್ಪತ್ರೆಯಲ್ಲಿ ರೋಗಿಯನ್ನೇ ಕರೆತರಬೇಕಂತೆ, ಎತ್ತಿ ಕೂರಿಸಿದರೆ ಅವನು ಪ್ರಾಣ ಹೋದ ಹಾಗೆ ಕೂಗುತ್ತಾನಂತೆ. ಮಗ ನಾಳಿದ್ದಿಗೆ ಗಾಡಿ ಮಾಡಿಸಿದ್ದಾನೆ.

“ಅಕ್ಕ, ನಿಮ್ಮ ತಮ್ಮನ ಮಾತ್ರೆ ಒಂದು, ಒಂದರಲ್ಲಿ ಅರ್ಧ ಆದ್ರೂ ಕೊಡಿ. ಇವತ್ತೊಂದಿನ ಕಣ್ಣು ಮುಚ್ಲಿ. ಇಪ್ಪತ್ತು ವರ್ಷದಿಂದ ಎದುರಿಗಿದ್ದೀವಿ, ನಾನು ಯಾವತ್ತಾದ್ರೂ ಏನಾದ್ರೂ ಕೇಳಿದ್ದೀನಾ?”

ಕೇಳಿಲ್ಲ, ನಿಜ. ಆದರೆ ಕಾನೂನು ಕಾನೂನೇ. ಒಬ್ಬರಿಗೆ ಬರೆದದ್ದನ್ನು ಇನ್ನೊಬ್ಬರಿಗೆ ಕೊಡುವಂತಿಲ್ಲ. ಹೆಚ್ಚುಕಡಿಮೆಯಾದರೆ ಯಾರು ಜವಾಬ್ದಾರಿ? ಅದನ್ನೇ ಹೇಳಿದೆ. ಲೆಕ್ಕದ ಮಾತ್ರೆ ಕಣಮ್ಮ, ಒಂದು ಚೂರೂ ಉಳಿಯಲ್ಲ ಎಂದೂ ಹೇಳಿದೆ. ಅವಳು ನನ್ನ ಕೊರಳಿನ ಬೀಗದ ಕೈಯನ್ನು ನೋಡಿದಳು. ಸೆರಗಿನಲ್ಲಿ ಕಣ್ಣೊರೆಸಿಕೊಂಡು, “ಇರ್ಲಿ ಬಿಡಿ ಅಕ್ಕ, ನಿಮಗ್ಯಾಕೆ ತೊಂದ್ರೆ” ಎಂದು ಹೋದಳು.

ಕಿಟಕಿ ಮುಚ್ಚಿ ಕೆಲಸ ಮಾಡಿದೆ. ಪೊಟ್ಟಣದಲ್ಲಿ ಇದ್ದದ್ದೇ ಸ್ವಲ್ಪ. ಭಾನುವಾರದವರೆಗೆ ಬರಬೇಕು.

ಮೇ ೫

ಕಂಡಕ್ಟರು ತೀರಿಕೊಂಡರು. ಗಾಡಿಯಲ್ಲೇ, ದಾರಿಯಲ್ಲಿ. ಹೋಗಿ ಕೂತು ಬಂದೆ. ಅವಳು ನನ್ನ ಕಡೆ ನೋಡಲಿಲ್ಲ. ದುಃಖದಲ್ಲಿರುವವರು ಯಾರನ್ನು ತಾನೇ ನೋಡುತ್ತಾರೆ.

ಮೇ ೧೬

ಟೀಚರಮ್ಮನ ಕೋಟು ಕೆಟ್ಟಿತು. ಎರಡೂ ತೋಳನ್ನು ಒಂದೇ ಕೈಗೆ ಕತ್ತರಿಸಿದ್ದೇನೆ. ನಲವತ್ತು ವರ್ಷದಲ್ಲಿ ಇಂಥದ್ದು ಆಗಿರಲಿಲ್ಲ. ಬಟ್ಟೆಯ ತಪ್ಪು, ಒಳಮೈ ಹೊರಮೈ ಎರಡೂ ಒಂದೇ ಥರ ಕಾಣುತ್ತದೆ. ಬೆಳಕೂ ಸಾಲದು.

ಟೀಚರಮ್ಮ ಕನ್ನಡಿ ಮುಂದೆ ನಿಂತು ನೋಡಿದರು. “ಎರಡು ಎಡಗೈ ಇರೋರು ಯಾರಾದ್ರೂ ಸಿಕ್ಕಿದ್ರೆ ಅವರಿಗೆ ಕೊಡಿ. ನಂಗೆ ಒಂದೇ ಇರೋದು.”

ಬೇರೆ ದಿನವಾಗಿದ್ದರೆ ನಾನೂ ನಗುತ್ತಿದ್ದೆ. ಇಂದು ಏಕೋ ರೇಗಿತು. “ಬೇಡದಿದ್ರೆ ಬಿಡಿ, ನಿಮ್ಮೊಬ್ಬರ ಬಟ್ಟೆ ನಂಬ್ಕೊಂಡು ಕೂತಿಲ್ಲ ನಾನು” ಎಂದುಬಿಟ್ಟೆ. ಅವರು ಕೋಟನ್ನು ಮಡಿಸಿ ಮಿಷಿನ್ನಿನ ಮೇಲಿಟ್ಟು ಹೋದರು. ಹೋಗಲಿ. ಎಲ್ಲರಿಗೂ ಅವಸರ.

ಹಿಂದಿನ ಕೋಣೆಯಿಂದ ತಮ್ಮ ಬಂದು ಕೋಟನ್ನು ತಿರುಗಿಸಿ ತಿರುಗಿಸಿ ನೋಡಿದ. ಆಮೇಲೆ ನನ್ನನ್ನು ನೋಡಿದ.

“ಅಕ್ಕ, ನೀನು ಊಟ ಮಾಡ್ದೆಯಾ?”

ಮಾಡಿದ್ದೆ ಎಂದು ನೆನಪು.

ಮೇ ೨೭

ಒಳ್ಳೆಯ ದಿನ. ಬರೆದಿಡಲೇಬೇಕು.

ಡಾಕ್ಟರು ಇಂದು ಚೀಟಿ ಬರೆಯಲಿಲ್ಲ. ಮೂತ್ರ ಪರೀಕ್ಷೆ ಮಾಡಿಸಿ, ಮಾತ್ರೆಯ ಅಂಶವೇ ಇಲ್ಲ ಎಂದು ತಾವೇ ಎದ್ದು ತಮ್ಮನ ಕೈ ಕುಲುಕಿದರು. ಇನ್ನೂ ಒಂದೆರಡು ವಾರ ನೋಡಿಕೊಂಡು ಅವನ ಹೆಂಡತಿಗೆ ಹೇಳುತ್ತಾರಂತೆ. ಅವಳು ಜೂನ್ ಎಂಟರ ಭಾನುವಾರ ಮಗುವನ್ನು ಕರೆದುಕೊಂಡು ಬರುವುದೆಂದು ಆಯಿತು.

ಬರುವಾಗ ಉದ್ಯಾನದ ಬೆಂಚಿನ ಮೇಲೆ ಕೂತೆವು. ಮೊಣಕಾಲಿಗೆ ಅಷ್ಟು ದೂರ ಆಗುವುದಿಲ್ಲ.

“ಅಕ್ಕ, ಮೂರು ವಾರದಿಂದ ನೀನು ಬರೀ ಜೇನುತುಪ್ಪ ಕೊಡ್ತಿದ್ದೀಯ. ನಂಗೊತ್ತು.”

“ಹೇಗೆ ಗೊತ್ತಾಯ್ತು?”

“ಕಹಿ ಇರ್ಲಿಲ್ಲ. ಹೇಳಿದ್ರೆ ಎಲ್ಲಿ ನೀನು ಮತ್ತೆ ಶುರು ಮಾಡ್ತೀಯೋ ಅಂತ ಸುಮ್ನಿದ್ದೆ.” ಆಮೇಲೆ ಕೇಳಿದ, “ಚೀಟಿಲಿ ಬಂದ ಮಾತ್ರೆನೆಲ್ಲ ಅಂಗಡಿಗೆ ವಾಪಸ್ ಕೊಟ್ಯಾ?”

ಹೂಂ ಎಂದೆ. ಕೊಡಬೇಕೆಂದೇ ಇತ್ತು.

ಇನ್ನು ಮಾತ್ರೆಗೆ ಹೋಗಬೇಕಾಗಿಲ್ಲ. ಎಂಥ ನಿರಾಳ ಇರಬೇಕಿತ್ತು ನನಗೆ. ಮನೆಗೆ ಬಂದು ಡಬ್ಬಿ ತೆಗೆದು ನೋಡಿದೆ. ಸ್ವಲ್ಪವೇ ಇದೆ.

ಜೂನ್ ೨

ಡಬ್ಬಿಯಲ್ಲಿ ಗುಂಡಿಗಳು ಮಾತ್ರ.

ಜೂನ್ ೩

ಶೀತವಾಗಿದೆ. ಊರಿಗೆಲ್ಲ ಇದೆಯಂತೆ. ಬಾಯಿ ಮುಚ್ಚಲು ಬಿಡದ ಆಕಳಿಕೆ, ಮೂಗು ಸೋರಿ ಸೋರಿ ಎರಡು ಕರವಸ್ತ್ರ ಒದ್ದೆ. ಮೈಯೆಲ್ಲ ಮುಳ್ಳು. ಎರಡು ಕಂಬಳಿ ಹೊದ್ದರೂ ಚಳಿ ಬಿಡದು, ತೆಗೆದರೆ ಬೆವರು. ಕಾಲು ಒಂದು ಕಡೆ ನಿಲ್ಲುತ್ತಿಲ್ಲ. ಮಿಷಿನ್ ತುಳಿದು ತುಳಿದು ಅಭ್ಯಾಸ, ಮಲಗಿದಾಗಲೂ ತುಳಿಯುತ್ತವೆ.

ತಮ್ಮ ಕಷಾಯ ಮಾಡಿ ತಂದ. ಹಾಸಿಗೆಯ ಅಂಚಿನಲ್ಲಿ ಕೂತು ನನ್ನ ಪಾದಗಳನ್ನು ಹಿಡಿದುಕೊಂಡ. ಬಹಳ ಹೊತ್ತು ಹಾಗೇ ಹಿಡಿದುಕೊಂಡಿದ್ದ.

“ಶೀತ ಕಣೋ” ಎಂದೆ.

ಅವನು ಕಂಬಳಿ ಎಳೆದು ಪಾದ ಮುಚ್ಚಿದ.

ಜೂನ್ ೫

ತಡೆಯಲಾಗಲಿಲ್ಲ. ಮೊಣಕಾಲಿನ ನೋವನ್ನಂತೂ ಕೇಳಲೇ ಬೇಡಿ. ಗಿರಾಕಿಯ ಮನೆಗೆ ಹೋಗಿಬರುತ್ತೇನೆಂದು ಹೇಳಿ ಆಸ್ಪತ್ರೆಗೆ ಹೋದೆ.

ನನ್ನ ಮೊಣಕಾಲಿಗೆ ಎಂದು ಕೇಳಿದರೆ ಆ ಮಾತ್ರೆ ಬರೆಯುವುದಿಲ್ಲ, ಕಾನೂನೇ ಹಾಗಿದೆ. ಮುಲಾಮು ಬರೆದು ಕಳಿಸುತ್ತಾರೆ. ಹಾಗಾಗಿ ತಮ್ಮನ ಬೆನ್ನು ನೋವು ಮರುಕಳಿಸಿದೆ ಎಂದೆ. ಏಳಲಾರ, ಅದಕ್ಕೇ ನಾನೊಬ್ಬಳೇ ಬಂದೆ ಎಂದೆ. ಒಂದು ಸಣ್ಣ ಮಾತು, ಯಾರಿಗೂ ನಷ್ಟವಿಲ್ಲ.

ಡಾಕ್ಟರು ಪೆನ್ನು ಕೆಳಗಿಟ್ಟರು. “ಎಷ್ಟು ದಿನದಿಂದ?”

“ಎರಡು ಮೂರು.”

“ರೋಗಿನ ನೋಡ್ದೆ ಬರೆಯೋ ಹಾಗಿಲ್ಲಮ್ಮ. ನಿಮ್ಮನ್ನ ನಂಬಿ ಬರೀತಿದ್ದೀನಿ, ಸೋಮವಾರದವರೆಗೆ ಮಾತ್ರ. ಸೋಮವಾರ ಹೇಗಾದ್ರೂ ಮಾಡಿ ಕರ್ಕೊಂಡು ಬನ್ನಿ.” ಚೀಟಿ ಹರಿದು ಕೊಡುವಾಗ ಹೇಳಿದರು, “ಇವತ್ತು ಅವರ ಹೆಂಡತಿ ಫೋನ್ ಮಾಡ್ತಾರೆ. ನಾನು ಏನು ಹೇಳ್ಲಿ?”

ಏನಾದರೂ ಹೇಳಿ ಎನ್ನಲಾಗುತ್ತದೆಯೇ? ಚೀಟಿ ಮಡಿಸಿ ಎದ್ದೆ.

ಅಂಗಡಿಯ ಪಕ್ಕದ ನಲ್ಲಿಯಲ್ಲೇ ನೀರು ಕುಡಿದೆ. ಮನೆ ತಲುಪುವ ಹೊತ್ತಿಗೆ ಶೀತ ಬಿಟ್ಟಿತ್ತು.

ಜೂನ್ ೮, ಭಾನುವಾರ

ಅವಳು ಬರಲಿಲ್ಲ.

ತಮ್ಮ ಬೆಳಿಗ್ಗೆಯೇ ಸ್ನಾನ ಮಾಡಿ ಬಿಳಿ ಅಂಗಿ ಹಾಕಿಕೊಂಡು ಕುರ್ಚಿಯನ್ನು ಬಾಗಿಲಿಗೆ ಎಳೆದು ಕೂತಿದ್ದ. ಮಗುವಿಗೆಂದು ಹಿಂದಿನ ಕೋಣೆಯ ಗೋಡೆಗೆ ಹಳದಿ ಬಣ್ಣ ಬಳಿದಿದ್ದಾನೆ, ಎರಡು ವರ್ಷದ ಮೇಲೆ ಕುಂಚ ಹಿಡಿದದ್ದು. ಮಧ್ಯಾಹ್ನ ದಾಟಿದ ಮೇಲೆ ಎದ್ದು ಪಕ್ಕದ ಬೂತಿನಿಂದ ಫೋನ್ ಮಾಡಲು ಹೋದ. ಹಿಂತಿರುಗಿ ಬಂದವನ ಮುಖ ಬಿಳಿಚಿತ್ತು. ಮತ್ತೆ ಮಾತ್ರೆ ತಿನ್ನಲು ಶುರುಮಾಡಿದನೋ ಏನೋ ಎಂದುಕೊಂಡೆ.

ನನ್ನೆದುರಿಗೆ ಸ್ಟೂಲು ಎಳೆದುಕೊಂಡು ಕೂತ.

“ಅಕ್ಕ, ನನಗೆ ಮತ್ತೆ ಶುರುವಾಗಿದೆ ಅಂತ ಡಾಕ್ಟರಿಗೆ ಯಾರು ಹೇಳಿದ್ದು?”

ಮಿಷಿನ್ನಿನ ಸೂಜಿಗೆ ದಾರ ಪೋಣಿಸುತ್ತಿದ್ದೆ. ತೂತು ಸಿಗುತ್ತಿರಲಿಲ್ಲ.

“ಬೆನ್ನು ನೋವು ಅಂತ ನೀನೇ ಅಂತಿದ್ದೆಯಲ್ಲ.”

“ನಾನು ಅಂದಿಲ್ಲ.”

“ಅಂದಿರಬೇಕು. ನಿನ್ನ ಒಳ್ಳೇದಕ್ಕೇ ಹೋದದ್ದು. ಮುಂದೆ ಬೇಕಾದೀತು ಅಂತ.”

ನಾನು ಅವನನ್ನು ಎತ್ತಿ ಆಡಿಸಿದವಳು. ಅವನು ಈಗ ಕೂಗಾಡಿದ್ದರೆ ನನಗೂ ಕೂಗಾಡಲು ಬರುತ್ತಿತ್ತು. ಅವನು ಕೂಗಾಡಲಿಲ್ಲ. ಕೈ ಚಾಚಿ ನನ್ನ ಬೆರಳಿನಿಂದ ದಾರ ತೆಗೆದುಕೊಂಡು, ಸೂಜಿಗೆ ತಾನೇ ಪೋಣಿಸಿದ. ಆಮೇಲೆ ನನ್ನ ಕೊರಳಿನಿಂದ ಬೀಗದ ಕೈ ತೆಗೆದ. ಮೆಲ್ಲಗೆ, ಕೂದಲಿಗೆ ಸಿಕ್ಕದ ಹಾಗೆ. ನಾನು ಸುಮ್ಮನೆ ತಲೆ ಬಗ್ಗಿಸಿದೆ. ಡಬ್ಬಿ ತೆಗೆದು ಒಳಗೆ ನೋಡಿದ.

“ಯಾವತ್ತಿಂದ ಅಕ್ಕ?”

“ಮೊಣಕಾಲು ನೋವು ಯಾವತ್ತಿಂದ ಅಂತ ನಿಂಗೆ ಗೊತ್ತಿಲ್ವಾ? ಬೇಸಿಗೆ ಶುರುವಾದಾಗಿನಿಂದ.”

ಅವನ ಕಣ್ಣಲ್ಲಿ ನೀರು. ಹೆಂಡತಿ ಬರಲಿಲ್ಲವೆಂಬ ದುಃಖ, ಪಾಪ. ಸಮಾಧಾನ ಹೇಳಿದೆ. ಮುಂದಿನ ವಾರ ಬರುತ್ತಾಳೆ, ಡಾಕ್ಟರಿಗೆ ನಾನೇ ಹೇಳುತ್ತೇನೆ ಎಂದೆ.

“ಹೌದು, ನೀನೇ ಹೇಳ್ಬೇಕು. ನಾಳೆ ಆಸ್ಪತ್ರೆಗೆ ಹೋಗೋಣ. ನನ್ನ ಜೊತೆ ಬರ್ತೀಯಾ?”

“ಬರದೆ ಇರ್ತೀನಾ?”

ಮತ್ತೆ ಫೋನ್ ಮಾಡಲು ಹೋದ. ನಾನೂ ಬಾಗಿಲವರೆಗೆ ಬಂದಿದ್ದೆ, ಬೂತಿನಿಂದ ಅವನ ದನಿ ಕೇಳುತ್ತಿತ್ತು. “ನಾಳೆ ಡಾಕ್ಟರೇ ನಿಂಗೆ ಹೇಳ್ತಾರೆ, ನಂಬು. ಆದ್ರೆ ಈಗ್ಲೇ ಬರ್ಬೇಡ. ಅಕ್ಕನ್ನ ನೋಡ್ಕೋಬೇಕು. ಸ್ವಲ್ಪ ದಿನ ಹಿಡಿಯುತ್ತೆ.” ಆ ಕಡೆಯಿಂದ ಅವಳು ಏನಂದಳೋ. “ಇಲ್ಲ, ಬಯ್ಬೇಡ ಅವಳನ್ನ. ನನ್ನಿಂದ್ಲೇ ಆಗಿದ್ದು” ಎಂದ.

ನನ್ನನ್ನು ನೋಡಿಕೊಳ್ಳುವುದು ಏನಿದೆ? ಶೀತ ಆಗಲೇ ವಾಸಿಯಾಗಿದೆ. ಅದೊಂದು ನೆಪ ಅವನಿಗೆ. ಒಬ್ಬನೇ ಡಾಕ್ಟರ ಮುಂದೆ ನಿಲ್ಲಲು ಧೈರ್ಯವಿಲ್ಲ, ಹೆಂಡತಿಯ ಮುಂದೆ ನಿಲ್ಲಲು ಅದಕ್ಕಿಂತ ಇಲ್ಲ. ಚಿಕ್ಕಂದಿನಿಂದಲೂ ಹಾಗೆಯೇ, ಅಕ್ಕ ಪಕ್ಕದಲ್ಲಿರಬೇಕು. ಇರುತ್ತೇನೆ. ಇಷ್ಟು ದಿನ ಕಾದಿದ್ದೇನೆ, ಇನ್ನಷ್ಟು ದಿನ ಕಾಯಲಾರೆನೇ?

ಬೆಳಿಗ್ಗೆ ಬೇಗ ಹೊರಡಬೇಕಂತೆ. ಅಷ್ಟು ದೂರ ನಡೆಯುವ ಮುಂಚೆ ಅರ್ಧ ಮಾತ್ರೆಯಾದರೂ ತೆಗೆದುಕೊಂಡಿರಬೇಕು. ಡಬ್ಬಿ ಎಲ್ಲಿಟ್ಟಿದ್ದಾನೋ, ಅವನನ್ನು ಕೇಳಬೇಕು.